ಹೊಟ್ಟೆಯೊಳಗಿನ ಕಾಲುವೆಗೆ ನೀರು ಬರ್ತಿದೆಯಾ?

"ಮಗುವನ್ನ ಆಮೇಲೆ ನೋಡೋಣ. ಮೊದಲು ನಿಮ್ಮನ್ನ ನೋಡ್ತೀನಿ."

ಹೊಸಪೇಟೆಯ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಡಾಕ್ಟರ್ ಹೀಗಂದಾಗ ನಂಗೆ ಅರ್ಥವೇ ಆಗಲಿಲ್ಲ. ಸ್ಕ್ಯಾನ್ ಅಂದ್ರೆ ಮಗು ನೋಡೋದಲ್ವಾ? ನನ್ನಲ್ಲಿ ನೋಡೋಕೇನಿದೆ?

ಅದು 2024ರ ಆಗಸ್ಟ್. ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋಗಿ ನಾಲ್ಕೇ ದಿನ ಆಗಿತ್ತು. ಹೊರಗೆ ಬೆಂಚಿನ ಮೇಲೆ ಕೂತವರ ಕೈಯಲ್ಲೆಲ್ಲ ಮೊಬೈಲು, ಮೊಬೈಲಿನಲ್ಲೆಲ್ಲ ನೀರು. ಎಷ್ಟು ಟಿಎಂಸಿ ಹೋಯ್ತು, ಎರಡನೇ ಬೆಳೆಗೆ ನೀರು ಸಿಗುತ್ತೋ ಇಲ್ವೋ ಅಂತ ಒಂದೇ ಮಾತು. ಒಳಗೆ ನಾನು ಹನ್ನೆರಡು ವಾರದ ಹೊಟ್ಟೆ ಹೊತ್ತು ಮಲಗಿದ್ದೆ. ಕೈ ತಣ್ಣಗಾಗಿತ್ತು. ಇದು ನನ್ನ ಎರಡನೇ ಬಸಿರು.

ಡಾಕ್ಟರ್ ಒಂದು ಗುಂಡಿ ಒತ್ತಿದರು. ಕಪ್ಪು ಬಿಳುಪು ಪರದೆ ಮೇಲೆ ಕೆಂಪು, ನೀಲಿ ಬಣ್ಣ ಮಿನುಗಿತು. ಆಮೇಲೆ ಸದ್ದು: ಹುಶ್... ಹುಶ್... ಹುಶ್... ಮಗುವಿನ ಎದೆಬಡಿತ ಇಷ್ಟು ನಿಧಾನ ಇರಲ್ಲ ಅನ್ನೋದು ನಂಗೆ ಗೊತ್ತಿತ್ತು. "ಇದು ನಿಮ್ಮದೇ ರಕ್ತ. ನಿಮ್ಮ ಗರ್ಭಕೋಶಕ್ಕೆ ಹೋಗ್ತಿರೋದು. ಎಷ್ಟು ಸಲೀಸಾಗಿ ಹೋಗ್ತಿದೆ ಅಂತ ನೋಡ್ತಿದ್ದೀನಿ" ಅಂದರು.

ನಾನು ಗರ್ಭಿಣಿಯಾಗಿದ್ದು ಎರಡು ಸಲ. ಆದರೆ ನನ್ನ ರಕ್ತ ಹೇಗೆ ಹರೀತಿದೆ ಅಂತ ಒಬ್ಬರು ನೋಡಿದ್ದು ಅದೇ ಮೊದಲು.

ಮೊದಲ ಸಲ ಏನಾಯ್ತು

2021. ಕೋವಿಡ್ ಎರಡನೇ ಅಲೆ ಆಗಷ್ಟೇ ಇಳಿದಿತ್ತು. ನಾವು ಬೆಂಗಳೂರಲ್ಲಿದ್ವಿ. ನಂದು ಸಾಫ್ಟ್‌ವೇರ್ ಕೆಲಸ, ಊಟದ ಟೇಬಲ್ಲೇ ಆಫೀಸು. ಕಾಲು ಬಾತಿತ್ತು. ಇಡೀ ದಿನ ಕೂತ್ರೆ ಬಾಯದೆ ಇರುತ್ತಾ ಅಂದುಕೊಂಡೆ. ತಲೆನೋವು ಬಂತು, ಲ್ಯಾಪ್‌ಟಾಪ್ ನೋಡಿ ನೋಡಿ ಅಂದುಕೊಂಡೆ. ಆ ತಿಂಗಳ ಚೆಕಪ್ಪನ್ನ ವಿಡಿಯೊ ಕಾಲ್‌ನಲ್ಲಿ ಮುಗಿಸಿದ್ದೆ. ವಿಡಿಯೊ ಕಾಲ್‌ನಲ್ಲಿ ಬಿಪಿ ಕಾಣಲ್ಲ.

ಇಪ್ಪತ್ತೊಂಬತ್ತನೇ ವಾರ ಒಂದು ರಾತ್ರಿ ಕಣ್ಣ ಮುಂದೆ ಮಿಂಚಿದ ಹಾಗಾಯ್ತು. ಆಸ್ಪತ್ರೆಗೆ ಹೋದಾಗ ಬಿಪಿ 170/110. ಬೆಳಗಾಗೋದರೊಳಗೆ ಆಪರೇಷನ್. ಹೆಣ್ಣು ಮಗು, 900 ಗ್ರಾಂ. ನಾಲ್ಕು ದಿನ ಇದ್ದಳು.

ಡಿಸ್ಚಾರ್ಜ್ ಕಾಗದದಲ್ಲಿ 'ತೀವ್ರ ಪ್ರಿ-ಎಕ್ಲಾಂಪ್ಸಿಯಾ' ಅಂತ ಬರೆದಿತ್ತು. ಆ ಪದವನ್ನ ನಾನು ಗೂಗಲ್ ಮಾಡಿದ್ದು ಮಗುವನ್ನ ಕಳಕೊಂಡ ಮೇಲೆ. ಇಪ್ಪತ್ತು ವಾರದ ನಂತರ ಬಿಪಿ 140/90 ದಾಟೋದು, ಮೂತ್ರದಲ್ಲಿ ಪ್ರೋಟೀನ್ ಹೋಗೋದು, ಇಲ್ಲವೇ ಲಿವರ್, ಕಿಡ್ನಿ, ಮಿದುಳಿಗೆ ತೊಂದರೆ ಶುರುವಾಗೋದು. ಹೀಗೇ ಬಿಟ್ಟರೆ ಫಿಟ್ಸ್ ಬಂದು ತಾಯಿಯ ಜೀವಕ್ಕೇ ಕುತ್ತು.

ಮೂರು ವರ್ಷ ನಾನು ಒಂದೇ ಪ್ರಶ್ನೆ ಕೇಳಿಕೊಂಡೆ: ಆ ವಿಡಿಯೊ ಕಾಲ್ ಬದಲು ನಾನು ಆಸ್ಪತ್ರೆಗೆ ಹೋಗಿದ್ರೆ? ಎರಡನೇ ಸಲ ಗರ್ಭಿಣಿ ಅಂತ ಗೊತ್ತಾದ ದಿನವೇ ವರ್ಕ್ ಫ್ರಂ ಹೋಮ್ ತಗೊಂಡು ಹೊಸಪೇಟೆಗೆ, ಅಮ್ಮನ ಮನೆಗೆ ಬಂದುಬಿಟ್ಟೆ.

ಗೂಡ್ಸ್ ರೈಲು ಹೇಳಿಕೊಟ್ಟ ಪಾಠ

ನಮ್ಮೂರಲ್ಲಿ ರೈಲ್ವೆ ಗೇಟ್ ಹತ್ತಿರ ನಿಂತವರಿಗೆಲ್ಲ ಡಾಪ್ಲರ್ ಗೊತ್ತು, ಹೆಸರು ಗೊತ್ತಿಲ್ಲ ಅಷ್ಟೆ. ಅದಿರು ತುಂಬಿದ ಗೂಡ್ಸ್ ಹಾರ್ನ್ ಹೊಡೀತಾ ಹತ್ತಿರ ಬರುವಾಗ ಸದ್ದು ಕೀರಲು, ದಾಟಿ ಹೋಗುವಾಗ ದಪ್ಪ. ಹಾರ್ನ್ ಬದಲಾಗಿಲ್ಲ, ರೈಲಿನ ಚಲನೆಯಿಂದ ನಮಗೆ ಕೇಳೋ ಸದ್ದು ಬದಲಾಗಿದೆ. ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ ಈ ತತ್ವವನ್ನ 1842ರಲ್ಲಿ ನಕ್ಷತ್ರಗಳ ಬೆಳಕಿನ ಬಗ್ಗೆ ಯೋಚಿಸುತ್ತಾ ಹೇಳಿದ. 1845ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಬೈಸ್ ಬ್ಯಾಲಟ್ ಅನ್ನೋ ವಿಜ್ಞಾನಿ ರೈಲಿನ ಮೇಲೆ ತುತ್ತೂರಿ ಊದೋರನ್ನ ಕೂರಿಸಿ ಪರೀಕ್ಷೆ ಮಾಡೇಬಿಟ್ಟ.

ಸ್ಕ್ಯಾನ್ ಯಂತ್ರ ಮಾಡೋದೂ ಅದನ್ನೇ. ನಮ್ಮ ಕಿವಿಗೆ ಕೇಳದ ಶಬ್ದದ ಅಲೆಯನ್ನ ಒಳಗೆ ಕಳಿಸುತ್ತೆ. ಅದು ಹರಿಯುವ ರಕ್ತಕಣಕ್ಕೆ ತಾಗಿ ವಾಪಸ್ ಬರುವಾಗ ಎಷ್ಟು ಬದಲಾಗಿದೆ ಅಂತ ಅಳೆದು ವೇಗ ಲೆಕ್ಕ ಹಾಕುತ್ತೆ. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತವರ ಜೊತೆಗಾರರು ಹೊಟ್ಟೆಯೊಳಗಿನದನ್ನ ಶಬ್ದದಿಂದ ನೋಡಬಹುದು ಅಂತ ಪ್ರಕಟಿಸಿದರು. 1977ರಲ್ಲಿ ಡಬ್ಲಿನ್‌ನಲ್ಲಿ ಹೊಕ್ಕುಳ ಬಳ್ಳಿಯ ರಕ್ತದ ಹರಿವನ್ನ ಅಳೆದರು. 1983ರಲ್ಲಿ ಸ್ಟುವರ್ಟ್ ಕ್ಯಾಂಪ್‌ಬೆಲ್ ತಂಡ ತಾಯಿಯ ಕಡೆಯಿಂದ ಗರ್ಭಕೋಶಕ್ಕೆ ಬರೋ ರಕ್ತದ ಕಡೆ ಕಣ್ಣು ತಿರುಗಿಸಿತು. ನನ್ನ ಡಾಕ್ಟರ್ ಆವತ್ತು ನೋಡ್ತಿದ್ದದ್ದು ಅದನ್ನೇ.

ಕಾಲುವೆ ಕೊನೆಯ ಹೊಲ

"ನಿಮ್ಮ ಮನೆಯವರು ಎಲ್ಲಿಯವರು?" ಅಂತ ಡಾಕ್ಟರ್ ಕೇಳಿದರು. ಕಂಪ್ಲಿ ಅಂದೆ. "ಗದ್ದೆ ಇದೆಯಾ? ಹಂಗಾದ್ರೆ ಬೇಗ ಅರ್ಥ ಆಗುತ್ತೆ" ಅಂದರು.

ಹಂಪಿಗೆ ಹೋದವರು ಕಲ್ಲಿನ ರಥ ನೋಡ್ತಾರೆ, ಪಕ್ಕದಲ್ಲೇ ಹರಿಯೋ ತುರ್ತು ಕಾಲುವೆಯನ್ನ ನೋಡಲ್ಲ. ವಿಜಯನಗರದ ಅರಸರ ಕಾಲದ ಆ ಕಾಲುವೆ ಇವತ್ತಿಗೂ ಬಾಳೆ, ಕಬ್ಬಿಗೆ ನೀರುಣಿಸುತ್ತೆ. ಕಾಲುವೆ ಎಷ್ಟೇ ದೊಡ್ಡದಿರಲಿ, ಹೊಲಕ್ಕೆ ನೀರು ಬರೋದು ಕೊನೆಯ ಸಣ್ಣ ತೂಬಿನಿಂದ. ತೂಬು ಕಟ್ಟಿಕೊಂಡಿದ್ರೆ ಮೇಲೆ ನೀರು ತುಂಬಿ ಒತ್ತಡ ಏರುತ್ತೆ, ಕೆಳಗೆ ಹೊಲ ಒಣಗುತ್ತೆ. ನಮ್ಮ ಕಡೆ 'ಕೊನೆ ಭಾಗದ ರೈತರು' ಅಂತ ಪ್ರತಿ ವರ್ಷ ಪೇಪರಲ್ಲಿ ಬರುತ್ತಲ್ಲ, ಗರ್ಭದಲ್ಲಿ ಆ ಕೊನೆ ಭಾಗವೇ ಮಾಸು, ಅಂದ್ರೆ ಪ್ಲಾಸೆಂಟಾ.

ಗರ್ಭಕೋಶದ ಎರಡೂ ಬದಿಗೆ ಒಂದೊಂದು ದೊಡ್ಡ ರಕ್ತನಾಳ. ಅದರ ತುದಿಯಲ್ಲಿ ಸುರುಳಿ ಸುರುಳಿಯಾದ ಸಣ್ಣ ನಾಳಗಳು. ಬಸಿರು ನಿಂತ ಮೇಲೆ ಮಾಸಿನ ಜೀವಕೋಶಗಳು ಆ ಸುರುಳಿ ನಾಳದೊಳಗೆ ಹೊಕ್ಕು, ಗೋಡೆಯ ಬಿಗಿ ಸ್ನಾಯುವನ್ನ ತೆಗೆದು ಅಗಲ ಮಾಡುತ್ತವೆ. ಹೂಳೆತ್ತಿದ ಹಾಗೆ. ಮೊದಲ ಐದು ತಿಂಗಳೊಳಗೆ ಈ ಕೆಲಸ ಬಹುಪಾಲು ಮುಗಿಯಬೇಕು. ಬಸಿರಿಲ್ಲದಾಗ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಸಾಕು. ದಿನ ತುಂಬುವಾಗ 500ಕ್ಕೂ ಹೆಚ್ಚು ಬೇಕು. ಹೂಳೆತ್ತದಿದ್ರೆ ಅಷ್ಟು ಹರಿಯೋದು ಹೇಗೆ?

ಡಾಪ್ಲರ್ ಪರದೆಯ ಮೇಲೆ ಇದು ಅಲೆಯಾಗಿ ಕಾಣುತ್ತೆ. ನಾಳ ಸಡಿಲವಾಗಿದ್ರೆ ಎದೆ ಬಡಿತದ ನಡುವೆ ಕೂಡ ರಕ್ತ ಸರಾಗ, ಅಲೆ ಮೆಲ್ಲಗೆ ಇಳಿಯುತ್ತೆ. ಬಿಗಿಯಾಗಿದ್ರೆ ಅಲೆ ಚೂಪಾಗಿ ಎದ್ದು ಧುಪ್ಪಂತ ಬೀಳುತ್ತೆ, ಮಧ್ಯೆ ಒಂದು ಕಚ್ಚು ಕಾಣುತ್ತೆ. ಆ ಬಿಗಿಯ ಅಳತೆಗೆ 'ಪಿಐ' ಅಂತಾರೆ. ನಂದು ಜಾಸ್ತಿ ಇತ್ತು. "ನೂರು ಗರ್ಭಿಣಿಯರನ್ನ ಸಾಲಾಗಿ ನಿಲ್ಲಿಸಿದ್ರೆ ನಿಮ್ಮದು 95 ಜನರಿಗಿಂತ ಹೆಚ್ಚು" ಅಂದರು ಡಾಕ್ಟರ್.

ನಂಗೆ ಅಳು ಬಂತು. ಅವರು ಟಿಶ್ಯೂ ಕೊಟ್ಟು ಹೇಳಿದ ಮಾತು ನೆನಪಿದೆ: "ಹೋದ ಸಲ ಇದು ಇಪ್ಪತ್ತೊಂಬತ್ತನೇ ವಾರ ಗೊತ್ತಾಯ್ತು. ಈ ಸಲ ಹನ್ನೆರಡಕ್ಕೇ ಗೊತ್ತಾಗಿದೆ. ಇದು ಕೆಟ್ಟ ಸುದ್ದಿ ಅಲ್ಲ."

ರಾತ್ರಿಯ ಒಂದು ಮಾತ್ರೆ

ಆ ದಿನ ನನ್ನ ಬಿಪಿಯನ್ನ ಎರಡೂ ಕೈಯಲ್ಲಿ ನೋಡಿದರು. ರಕ್ತ ಪರೀಕ್ಷೆಗೂ ಕಳಿಸಿದರು. ಹಳೇ ಕಥೆ, ಬಿಪಿ, ಡಾಪ್ಲರ್, ರಕ್ತದಲ್ಲಿನ ಒಂದು ಪ್ರೋಟೀನ್ ಎಲ್ಲ ಸೇರಿಸಿ ಅಪಾಯ ಲೆಕ್ಕ ಹಾಕ್ತಾರಂತೆ. ಬರೀ ಡಾಪ್ಲರ್ ಒಂದನ್ನೇ ನಂಬಲ್ಲ.

ಆಮೇಲೆ ಬರೆದುಕೊಟ್ಟದ್ದು ರಾತ್ರಿ ಮಲಗುವಾಗ 150 ಮಿಲಿಗ್ರಾಂ ಆಸ್ಪಿರಿನ್. ಅಷ್ಟೇನಾ ಅನ್ನಿಸ್ತು. ಮನೆಗೆ ಬಂದು ಓದಿದೆ. ಲಂಡನ್ನಿನ ಕಿಪ್ರೋಸ್ ನಿಕೊಲೈಡಿಸ್ ಅವರ ತಂಡ 2017ರಲ್ಲಿ ಪ್ರಕಟಿಸಿದ 'ಆಸ್ಪ್ರೆ' ಅಧ್ಯಯನದಲ್ಲಿ ಹೀಗೇ ಲೆಕ್ಕ ಹಾಕಿ ಅಪಾಯ ಹೆಚ್ಚಿರೋ ಗರ್ಭಿಣಿಯರನ್ನ ಆರಿಸಿದ್ದರು. ಆಸ್ಪಿರಿನ್ ತಗೊಂಡ 798 ಜನರಲ್ಲಿ 13 ಮಂದಿಗೆ ಮಾತ್ರ 37 ವಾರದೊಳಗೆ ಈ ಕಾಯಿಲೆ ಬಂತು. ಸುಳ್ಳು ಮಾತ್ರೆ ತಗೊಂಡ 822 ಜನರಲ್ಲಿ 35 ಮಂದಿಗೆ. ಅರ್ಧಕ್ಕಿಂತ ಕಮ್ಮಿ. ಆದರೆ ಹದಿನಾರು ವಾರದೊಳಗೆ ಶುರು ಮಾಡಬೇಕು, ತಡವಾದ್ರೆ ಲಾಭ ಕಮ್ಮಿ. ಮತ್ತೆ, ಇದನ್ನ ಓದಿ ಯಾರೂ ಮೆಡಿಕಲ್ ಶಾಪ್‌ಗೆ ಓಡಬೇಡಿ. ಆಸ್ಪಿರಿನ್ ಎಲ್ಲರಿಗೂ ಆಗಲ್ಲ, ಡಾಕ್ಟರ್ ಹೇಳಿದ್ರೆ ಮಾತ್ರ.

ಮನೆಯಲ್ಲಿ ಇದು ಸುಲಭಕ್ಕೆ ಇಳಿಯಲಿಲ್ಲ. "ಬಸ್ರಿ ಹೆಂಗ್ಸಿಗೆ ರಕ್ತ ತೆಳು ಮಾಡೋ ಗುಳಿಗೀನಾ? ಮ್ಯಾಲಿಂದ ಸುಮ್‌ಸುಮ್ನೆ ಸ್ಕ್ಯಾನ್ ಮಾಡಿಸಿದ್ರೆ ಕೂಸಿಗೆ ಬಿಸಿ ತಾಕ್ತೈತೆ" ಅಂತ ಕಂಪ್ಲಿಯಿಂದ ಅತ್ತೆ ಫೋನ್. ಅವರ ಭಯ ಪೂರ್ತಿ ಸುಳ್ಳೂ ಅಲ್ಲ. ಮಾಮೂಲಿ ಸ್ಕ್ಯಾನ್‌ಗಿಂತ ಡಾಪ್ಲರ್‌ನಲ್ಲಿ ಶಕ್ತಿ ಹೆಚ್ಚು. ಅದಕ್ಕೇ ಮೊದಲ ಮೂರು ತಿಂಗಳಲ್ಲಿ ಬೇಕಾದಷ್ಟೇ ಹೊತ್ತು, ಕಮ್ಮಿ ಶಕ್ತಿಯಲ್ಲಿ, ಕಾರಣ ಇದ್ದಾಗ ಮಾತ್ರ ಮಾಡ್ತಾರೆ.

ಅಮ್ಮ ಹೇಳದೇ ಇದ್ದ ಮಾತು

ಆವತ್ತು ಡಾಕ್ಟರ್ ಫಾರಂ ತುಂಬುವಾಗ ಕೇಳಿದ್ದರು: "ನಿಮ್ಮ ಅಮ್ಮಂಗೆ ಬಸಿರಲ್ಲಿ ಬಿಪಿ ಇತ್ತಾ?" ಇಲ್ಲ ಅಂದಿದ್ದೆ. ರಾತ್ರಿ ಊಟಕ್ಕೆ ಕೂತಾಗ ಸುಮ್ಮನೆ ಆ ಮಾತು ಎತ್ತಿದೆ. ಅಮ್ಮ ರೊಟ್ಟಿ ಮುರಿಯೋದು ನಿಲ್ಲಿಸಿದಳು.

"ನಿನ್ನ ಹೊತ್ತಾಗ ನಂಗೂ ಕಾಲು ಬಾತಿತ್ತು. ಹೆರಿಗೆ ಟೈಮಲ್ಲಿ ಫಿಟ್ಸ್ ಬಂದಿತ್ತಂತೆ. ನಂಗೆ ನೆನಪಿಲ್ಲ, ನಿನ್ನಜ್ಜಿ ಹೇಳಿದ್ದು."

ಮೂವತ್ತು ವರ್ಷ ಆಕೆ ಇದನ್ನ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ ಕೂಡ. ಫಿಟ್ಸ್ ಅಂದ್ರೆ ಮನೆತನಕ್ಕೆ ಕೆಟ್ಟ ಹೆಸರು, ಮಗಳ ಮದುವೆಗೆ ತೊಂದರೆ ಅಂತ ಅಜ್ಜಿ ಬಾಯಿ ಮುಚ್ಚಿಸಿದ್ದಳಂತೆ. ಅಮ್ಮಂಗೋ, ಅಕ್ಕಂಗೋ ಪ್ರಿ-ಎಕ್ಲಾಂಪ್ಸಿಯಾ ಆಗಿದ್ರೆ ನಮಗೂ ಅಪಾಯ ಹೆಚ್ಚು. ಮೊದಲ ಬಸಿರಲ್ಲೇ ಈ ಮಾತು ಡಾಕ್ಟರ್ ಕಿವಿಗೆ ಬಿದ್ದಿದ್ರೆ? ಅಮ್ಮ ಅದೇ ಪ್ರಶ್ನೆ ಕೇಳಿಕೊಂಡು ಆ ರಾತ್ರಿ ನಿದ್ದೆ ಮಾಡಲಿಲ್ಲ. ನಾನೂ ಮಾಡಲಿಲ್ಲ. ಬೆಳಗ್ಗೆ ಇಬ್ಬರೂ ಒಟ್ಟಿಗೆ ಕಾಫಿ ಕುಡಿದ್ವಿ. ತಪ್ಪು ಯಾರದು ಅನ್ನೋ ಲೆಕ್ಕವನ್ನ ಅಲ್ಲಿಗೆ ಬಿಟ್ಟೆವು.

ಸಂಡೂರಿನ ಹುಡುಗಿ

ಮುಂದಿನ ತಿಂಗಳುಗಳಲ್ಲಿ ಆ ಬೆಂಚು ನಂಗೆ ಪರಿಚಯವಾಯ್ತು. ಒಂದು ಸಲ ಪಕ್ಕದಲ್ಲಿ ಕೂತಿದ್ದವಳು ಸಂಡೂರು ಕಡೆಯ ತಾಂಡಾದವಳು. ನನಗಿಂತ ಹತ್ತು ವರ್ಷ ಚಿಕ್ಕವಳು. ಎಂಟನೇ ತಿಂಗಳು, ಆದರೆ ಹೊಟ್ಟೆ ಸಣ್ಣದು. ಕೆಂಪು ಧೂಳು ಅಂಟಿದ ಚಪ್ಪಲಿ. ಅದಿರಿನ ಲಾರಿಗಳ ಹಿಂದೆ ಬಸ್ಸಲ್ಲಿ ಬಂದಿದ್ದಳು.

ಅವಳದು ಬೇರೆ ಡಾಪ್ಲರ್. ತಾಯಿಯ ನಾಳ ಅಲ್ಲ, ಹೊಕ್ಕುಳ ಬಳ್ಳಿಯದು. ಮಗು ಬೆಳೀತಿಲ್ಲ ಅಂದಾಗ ಬಳ್ಳಿಯಲ್ಲಿ ರಕ್ತ ಹೇಗೆ ಹರೀತಿದೆ, ಮಗುವಿನ ಮಿದುಳಿಗೆ ಎಷ್ಟು ಹೋಗ್ತಿದೆ ಅಂತ ನೋಡ್ತಾರೆ. ರಕ್ತ ಸಾಲದಾದಾಗ ಮಗು ಕೈಕಾಲಿಗೆ ಕಮ್ಮಿ ಮಾಡಿ ಮಿದುಳನ್ನ ಉಳಿಸಿಕೊಳ್ಳುತ್ತೆ. ಬರಗಾಲದಲ್ಲಿ ಹೊಲ ಬಿಟ್ಟು ಕುಡಿಯೋ ನೀರು ಕಾಯ್ದುಕೊಳ್ಳೋ ಹಾಗೆ. ಬಡಿತದ ನಡುವೆ ಬಳ್ಳಿಯಲ್ಲಿ ಹರಿವು ನಿಂತೇ ಹೋದ್ರೆ, ಅಥವಾ ಹಿಂದಕ್ಕೆ ಹರಿದ್ರೆ, ಅದು ದೊಡ್ಡ ಎಚ್ಚರಿಕೆ. ಹೆರಿಗೆ ಯಾವಾಗ ಅನ್ನೋದನ್ನ ಡಾಕ್ಟರ್‌ಗಳು ಇದನ್ನೂ ನೋಡಿಕೊಂಡು ನಿರ್ಧರಿಸ್ತಾರೆ. ಅಪಾಯ ಹೆಚ್ಚಿರೋ ಬಸಿರಲ್ಲಿ ಬಳ್ಳಿಯ ಡಾಪ್ಲರ್ ನೋಡಿಕೊಂಡು ಚಿಕಿತ್ಸೆ ಕೊಟ್ಟರೆ ಶಿಶುಮರಣ ಸುಮಾರು ಶೇ 29ರಷ್ಟು ಕಮ್ಮಿಯಾಗುತ್ತೆ ಅಂತ ಹಲವು ಅಧ್ಯಯನಗಳನ್ನ ಒಟ್ಟು ಮಾಡಿ ನೋಡಿದ ಕಾಕ್ರೇನ್ ವಿಮರ್ಶೆ ಹೇಳುತ್ತೆ.

"ವಾರಕ್ಕೆ ಎರಡು ಸಲ ಬಾ ಅಂದಾರ" ಅಂದಳು. ಅಷ್ಟೇ ಹೇಳಿ ಗಂಡನ ಮುಖ ನೋಡಿದಳು. ಅವನು ಲಾರಿ ಕ್ಲೀನರ್. ಎರಡು ಸಲ ಅಂದ್ರೆ ಅವನಿಗೆ ಎರಡು ದಿನದ ಕೂಲಿ.

ಸ್ಕ್ಯಾನ್ ಯಂತ್ರವನ್ನೇ ತಾಂಡಾಕ್ಕೆ ಒಯ್ಯಬಾರದಾ ಅಂತ ನಾನೂ ಕೇಳಿದ್ದೆ. ಆಗಲ್ಲ. ಹೆಣ್ಣು ಭ್ರೂಣ ಉಳಿಸೋಕೆ 1994ರಲ್ಲಿ ಬಂದ ಕಾನೂನಿನ ಪ್ರಕಾರ ಪ್ರತಿ ಯಂತ್ರವೂ ನೋಂದಣಿಯಾಗಬೇಕು, ಪ್ರತಿ ಗರ್ಭಿಣಿಯ ಸ್ಕ್ಯಾನ್‌ಗೂ 'ಎಫ್' ಫಾರಂ ತುಂಬಬೇಕು, ಕಂಡಕಂಡಲ್ಲಿ ಹೊತ್ತೊಯ್ಯೋ ಹಾಗಿಲ್ಲ. ಆ ಕಾನೂನು ಬೇಕೇ ಬೇಕು. ಆದರೆ ಅದರ ಜೊತೆ ದೂರದ ತಾಂಡಾದವಳ ಬಸ್ ಚಾರ್ಜನ್ನೂ ಯಾರಾದ್ರೂ ಲೆಕ್ಕ ಹಾಕಬೇಕಲ್ವಾ? 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಇತ್ತ ಬಂದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಬಸ್ ಹತ್ತಿರದ ಊರಿಗೆ ಬರುತ್ತೆ, ಕಾಗದ ಇನ್ನೊಂದು ಜಿಲ್ಲೆಗೆ ಹೋಗುತ್ತೆ.

ಕೊನೆಗೆ ಅವಳು ಚಿತ್ತವಾಡ್ಗಿಯಲ್ಲಿದ್ದ ದೂರದ ಸಂಬಂಧಿಕರ ಮನೆಯಲ್ಲಿ ಉಳಿದಳು. ಮೂರು ವಾರದ ಮೇಲೆ ಬೆಂಚಿನಲ್ಲಿ ಕಾಣಲಿಲ್ಲ. ನಂಗೆ ಎದೆ ಧಸಕ್ ಅಂತು. ಆಯಾ ಹೇಳಿದರು: ಬಳ್ಳಾರಿಗೆ ಕಳಿಸಿದ್ರು, ಹೆರಿಗೆ ಆಯ್ತು, ಕೂಸು ಗಾಜಿನ ಪೆಟ್ಟಿಗೆಯಲ್ಲಿದೆ, ಹಾಲು ಕುಡೀತಿದೆ.

ಬಿಪಿ ಪಟ್ಟಿಯೂ ಬೇಕು

ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡ ಸುದ್ದಿ ಬಂತು. "ಆಸ್ಪತ್ರೆಗೆ ಹೋಗೋದೇ ಬ್ಯಾಡ" ಅಂತ ಅಮ್ಮ ಅತ್ತಳು. ನಂಗೆ ಆಗ ಇಪ್ಪತ್ತಾರು ವಾರ. ದೀಪಾವಳಿಗೆ ಹೋದವಳು ಕಂಪ್ಲಿಯಲ್ಲೇ ಇದ್ದೆ. ಅಲ್ಲಿನ ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಹಿಡಿದು ಬಂದು, ಐದು ನಿಮಿಷ ಸುಮ್ಮನೆ ಕೂರಿಸಿ ಬಿಪಿ ನೋಡಿದರು. 138/88. "ಅಕ್ಕಾ, ಇದು ಗಡಿ. ನಾಳೆ ಮತ್ತೆ ಬರ್ತೀನಿ" ಅಂದರು, ಬಂದರು ಕೂಡ. "ಹೊಳೆಗೆ ನೀರು ಬಿಟ್ರೆ ಸೇತುವೆ ಮುಳುಗಿ ಗಂಗಾವತಿ ದಾರಿ ಬಂದ್ ಆಗ್ತೈತೆ. ನಾವು ಮಳೆಗಾಲಕ್ಕೆ ಮುಂಚೇನೇ ಯಾವ ಬಸ್ರಿ ಎಲ್ಲಿ ಹೋಗ್ಬೇಕು ಅಂತ ಬರ್ಕೊಂಡಿರ್ತೀವಿ" ಅಂದರು. ಭಯಕ್ಕೆ ಮದ್ದು ಮನೆಯಲ್ಲಿ ಕೂರೋದಲ್ಲ, ಮೊದಲೇ ದಾರಿ ಗೊತ್ತು ಮಾಡಿಕೊಳ್ಳೋದು ಅಂತ ಅವರಿಂದ ಕಲಿತೆ.

ಡಾಪ್ಲರ್ ಮಂತ್ರದಂಡ ಅಲ್ಲ. ಅದು ಚೆನ್ನಾಗಿದ್ರೂ ಬಿಪಿ ಏರಬಹುದು, ಕೆಟ್ಟದಾಗಿದ್ರೂ ಎಲ್ಲ ಸರಿ ಹೋಗಬಹುದು. ಎಲ್ಲ ಗರ್ಭಿಣಿಯರಿಗೂ ಮಾಮೂಲಾಗಿ ಡಾಪ್ಲರ್ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿಲ್ಲ. ಅದು ಅಪಾಯ ಹೆಚ್ಚಿರೋರಿಗೆ. ಬಿಪಿ ಪಟ್ಟಿ, ಮೂತ್ರ ಪರೀಕ್ಷೆ, ಹಿಮೋಗ್ಲೋಬಿನ್ ಮಾತ್ರ ಎಲ್ಲರಿಗೂ. 2016ರಿಂದ ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ಕರ್ನಾಟಕದಲ್ಲಿ 2018–20ರ ಲೆಕ್ಕದಂತೆ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸಾಯ್ತಿದ್ದರು. ಮೊದಲಿಗಿಂತ ಕಮ್ಮಿಯೇ. ಆದರೆ ಆ 69ರ ಒಬ್ಬೊಬ್ಬಳ ಮನೆಗೂ ಅದು ನೂರಕ್ಕೆ ನೂರು.

ನನ್ನ ಬಿಪಿ ಮೂವತ್ತನಾಲ್ಕನೇ ವಾರ 148/94 ಆಯ್ತು. ಕಾಯಿಲೆ ಬಂದೇ ಬಂತು, ಆದರೆ ಐದು ವಾರ ತಡವಾಗಿ. ಮಾತ್ರೆ ಶುರುವಾಯ್ತು, ವಾರ ವಾರ ಡಾಪ್ಲರ್. ಬಳ್ಳಿಯ ಹರಿವು ಸರಿಯಾಗೇ ಇತ್ತು. 2025ರ ಫೆಬ್ರುವರಿ ಮೊದಲ ವಾರ, ಮೂವತ್ತೇಳಕ್ಕೆ ಹೆರಿಗೆ ಮಾಡಿಸಿದರು. ಮಗ, ಎರಡೂವರೆ ಕೆ.ಜಿ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದ ನನ್ನ ಗಂಡ ಮಗುವಿಗಿಂತ ಮೊದಲು ಬಿಪಿ ಮೆಷಿನ್ ನೋಡಿದ.

ಇಷ್ಟು ಮಾಡಿ

ನೀವು ಗರ್ಭಿಣಿಯಾಗಿದ್ರೆ, ಅಥವಾ ಆಗಬೇಕು ಅಂತಿದ್ರೆ:

- ಇವತ್ತೇ ಅಮ್ಮಂಗೆ ಫೋನ್ ಮಾಡಿ. "ನನ್ನ ಹೊತ್ತಾಗ ನಿಂಗೆ ಬಿಪಿ ಇತ್ತಾ, ಫಿಟ್ಸ್ ಬಂದಿತ್ತಾ?" ಅಂತ ಕೇಳಿ.
- ಹಿಂದಿನ ಬಸಿರಲ್ಲಿ ಬಿಪಿ, ಅವಳಿ ಮಕ್ಕಳು, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಮೊದಲಿಂದ ಬಿಪಿ ಇದ್ರೆ, 35 ದಾಟಿದ್ರೆ ಹನ್ನೆರಡನೇ ವಾರದ ಸ್ಕ್ಯಾನ್‌ನಲ್ಲೇ "ನಂಗೆ ಡಾಪ್ಲರ್ ಬೇಕಾ, ಆಸ್ಪಿರಿನ್ ಬೇಕಾ?" ಅಂತ ಕೇಳಿ.
- ಮನೆಯಲ್ಲೊಂದು ಬಿಪಿ ಮೆಷಿನ್ ಇಟ್ಟುಕೊಳ್ಳಿ. ವಿಡಿಯೊ ಕಾಲ್ ಅದರ ಬದಲಿ ಅಲ್ಲ.
- ಬಿಡದ ತಲೆನೋವು, ಕಣ್ಣ ಮುಂದೆ ಮಿಂಚು, ಬಲ ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈ ದಿಢೀರ್ ಬಾವು, ಮಗು ಆಡೋದು ಕಮ್ಮಿ ಅನ್ನಿಸಿದ್ರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಕರೆ ಮಾಡಿ.
- ಹೆರಿಗೆ ಆದ ಮೇಲೂ ಆರು ವಾರ ಬಿಪಿ ನೋಡ್ತಿರಿ. ಫಿಟ್ಸ್ ಬಾಣಂತನದಲ್ಲೂ ಬರಬಹುದು. ಈ ಕಾಯಿಲೆ ಬಂದವರಿಗೆ ಮುಂದೆ ಬಿಪಿ, ಹೃದಯದ ತೊಂದರೆ ಹೆಚ್ಚು. ವರ್ಷಕ್ಕೊಮ್ಮೆ ತಪಾಸಣೆ ಬಿಡಬೇಡಿ.

ಮೊನ್ನೆ ಮಗನನ್ನ ಎತ್ತಿಕೊಂಡು ಹಂಪಿಗೆ ಹೋಗಿದ್ವಿ. ಅಮ್ಮನೂ ಬಂದಿದ್ದಳು. ತುರ್ತು ಕಾಲುವೆ ದಂಡೆ ಮೇಲೆ ಕೂತು ಅವಳು ಅವನ ಕಾಲನ್ನ ನೀರಿಗೆ ತಾಗಿಸಿದಳು. ಅವನು ಬೆಚ್ಚಿ ಕಾಲು ಎಳ್ಕೊಂಡ, ಮತ್ತೆ ತಾನೇ ಚಾಚಿದ. "ನಿನ್ನ ತಂಗಿ ಗಂಡನ ಮನೆಗೆ ಹೋಗೋಕೆ ಮುಂಚೆ ಅವಳಿಗೂ ನನ್ನ ವಿಷಯ ಹೇಳ್ಬೇಕು" ಅಂದಳು ಅಮ್ಮ.

ಹೇಳು ಅಂದೆ. ಆವತ್ತೇ ಸಂಜೆ ಹೇಳಿದಳು.